ಗುಡಿಯಾ ಯಾರಿಗೆ, ಬಂದೂಕು ಯಾರಿಗೆ?

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ - ಈ ಊರುಗಳ ಆಟಿಕೆ ಅಂಗಡಿಗಳಲ್ಲಿ ನಮಗೆ ಮೊದಲು ಎದುರಾಗುವ ಪ್ರಶ್ನೆ, "ಗಂಡು ಮಗೂಗಾ, ಹೆಣ್ಣು ಮಗೂಗಾ?" ಮಗುವಿಗೆ ಎಷ್ಟು ವರ್ಷ, ಅದಕ್ಕೇನು ಇಷ್ಟ ಎಂಬುದೆಲ್ಲ ಆಮೇಲಿನ ಮಾತು. ಗಂಡು ಎಂದರೆ ಕಾರು, ಜೆಸಿಬಿ, ಬಂದೂಕು ಕೆಳಗಿಳಿಯುತ್ತವೆ. ಹೆಣ್ಣು ಎಂದರೆ ಗುಲಾಬಿ ಡಬ್ಬಿಯ ಗೊಂಬೆ, ಅಡುಗೆ ಸೆಟ್ಟು, ಮೇಕಪ್ ಸೆಟ್ಟು. ಜಾತ್ರೆಯ ಸಾಲಂಗಡಿಯಲ್ಲೂ ಉರುಸಿನ ಸಾಲಂಗಡಿಯಲ್ಲೂ ಇದೇ ವಿಂಗಡಣೆ. ಉಳಿದೆಲ್ಲಕ್ಕೂ ಜಗಳವಾಡುವ ನಾವು ಈ ಒಂದು ವಿಷಯದಲ್ಲಿ ಸರ್ವಧರ್ಮ ಸಮನ್ವಯ ಸಾಧಿಸಿಬಿಟ್ಟಿದ್ದೇವೆ!

"ಆಟದ ಸಾಮಾನು ತಾನೇ, ಅದರಲ್ಲೇನಿದೆ?" ಎನ್ನುವವರು ಕೇಂದ್ರ ಸರಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯನ್ನು ನೋಡಬೇಕು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವವರ ಪೈಕಿ ಹೆಣ್ಣು ದಿನಕ್ಕೆ ಸರಾಸರಿ 289 ನಿಮಿಷ ದುಡಿದರೆ ಗಂಡು ದುಡಿಯುವುದು 88 ನಿಮಿಷ. ಲೆಕ್ಕಕ್ಕೆ ಹಿಡಿದದ್ದು 6 ವರ್ಷದಿಂದ ಮೇಲ್ಪಟ್ಟವರನ್ನು. ಈ 201 ನಿಮಿಷಗಳ ಅಂತರ ಮದುವೆಯ ದಿನ ದಿಢೀರನೆ ಹುಟ್ಟಿಕೊಳ್ಳುವುದಿಲ್ಲ. ಅದರ ತಾಲೀಮು ಪ್ಲಾಸ್ಟಿಕ್ ಒಲೆಯ ಮುಂದೆಯೇ ಶುರುವಾಗುತ್ತದೆ.

ಅಡುಗೆಯಾಟ ತಪ್ಪಲ್ಲ. ಅದು ಹೆಣ್ಣಿಗೆ ಮಾತ್ರ ಎಂಬುದು ತಪ್ಪು. ನಮ್ಮ ಶಾದಿಮಹಲುಗಳಲ್ಲಿ ದೇಗ್ ಮುಂದೆ ನಿಂತು ಬಿರಿಯಾನಿ ಮಾಡುವ ಬಾವರ್ಚಿಗಳು ಗಂಡಸರು. ಹೋಟೆಲಿನ ಭಟ್ಟರೂ ಗಂಡಸರೇ. ಕೂಲಿ ಸಿಗುವ ಒಲೆ ಗಂಡಿನದು, ಕೂಲಿಯಿಲ್ಲದ ಒಲೆ ಹೆಣ್ಣಿನದು! ಅತ್ತ ನಮ್ಮ ಹೊಲಗಳಲ್ಲಿ ಆಲೂಗಡ್ಡೆ ನೆಡುವವರು, ಗಾರ್ಮೆಂಟ್ಸ್‌ನಲ್ಲಿ ಯಂತ್ರ ನಡೆಸುವವರು, ಬಸ್ಸಿನಲ್ಲಿ ಟಿಕೆಟ್ ಹರಿಯುವವರಲ್ಲಿ ಹೆಂಗಸರಿದ್ದಾರೆ. ಆಟಿಕೆ ಜಾಹೀರಾತಿನ ಹುಡುಗಿ ಮಾತ್ರ ಇನ್ನೂ ಕನ್ನಡಿಯ ಮುಂದೆಯೇ ಕೂತಿದ್ದಾಳೆ.

ಹಿಂದೆ ಭೇದವಿರಲಿಲ್ಲವೆಂದು ನಾವು ಹೇಳುತ್ತಿಲ್ಲ. ಬುಗುರಿ, ಗೋಲಿ ಹುಡುಗರದಾಗಿತ್ತು. ಗುಡ್ಡಾ-ಗುಡಿಯಾ ಮದುವೆ ಹುಡುಗಿಯರದಾಗಿತ್ತು. ಆದರೆ ಚನ್ನಪಟ್ಟಣದ ಕುಶಲಕರ್ಮಿಗಳು - ಅವರಲ್ಲಿ ಅನೇಕರು ಮುಸ್ಲಿಮರು - ಹಾಲೆಮರವನ್ನು ಕಡೆದು ಅರಗಿನ ಬಣ್ಣ ಕೊಟ್ಟ ಗಿಲಕಿಯನ್ನು, ಎಳೆಯುವ ಗಾಡಿಯನ್ನು ಅಣ್ಣನ ನಂತರ ತಂಗಿಯೂ ಆಡಬಹುದಿತ್ತು. ಈಗ ಅಣ್ಣನ ನೀಲಿ ತಂಗಿಗೆ ಒಗ್ಗದು, ಅಕ್ಕನ ಗುಲಾಬಿ ತಮ್ಮನಿಗೆ ಒಗ್ಗದು. ಒಂದು ಸಾಕಾಗುವ ಮನೆಗೆ ಎರಡು ಮಾರುವ ಲೆಕ್ಕಾಚಾರವಿದು. ಆಟಿಕೆಯೊಡನೆ ಬರುವ ಕಿಂಡರ್ ಜಾಯ್ ಕೂಡ ನಮ್ಮ ದೇಶದಲ್ಲಿ ನೀಲಿ, ಗುಲಾಬಿ ಎಂದು ಎರಡಾದದ್ದನ್ನು ಕಂಡಿದ್ದೇವೆ.

ವ್ಯಾಪಾರಿಯ ಈ ಲೆಕ್ಕಾಚಾರಕ್ಕೆ ಧರ್ಮವನ್ನು ಆಸರೆಯಾಗಿ ಕೊಡುವವರು ನಮ್ಮಲ್ಲಿದ್ದಾರೆ. ಅವರು ಅಬೂದಾವೂದ್ ಹದೀಸ್ ಸಂಗ್ರಹವನ್ನು ತೆರೆಯಲಿ. ಹಜ್ರತ್ ಆಯಿಶಾರ ಗೊಂಬೆಗಳ ನಡುವೆ ಬಟ್ಟೆಯ ರೆಕ್ಕೆಗಳಿದ್ದ ಒಂದು ಕುದುರೆಯೂ ಇತ್ತು. ಕುದುರೆಗೂ ರೆಕ್ಕೆಯೇ ಎಂದು ಪ್ರವಾದಿ(ಸ)ಯವರು ಕೇಳಿದಾಗ, ಸುಲೈಮಾನರ ಕುದುರೆಗಳಿಗೆ ರೆಕ್ಕೆಗಳಿದ್ದುದನ್ನು ಕೇಳಿಲ್ಲವೇ ಎಂದು ಆಯಿಶಾ ಮರುಪ್ರಶ್ನೆ ಹಾಕಿದರು. ಪ್ರವಾದಿ(ಸ) ಮನಸಾರೆ ನಕ್ಕರು. ಹೆಣ್ಣಿಗೇಕೆ ಕುದುರೆ ಎನ್ನಲಿಲ್ಲ. ಮನೆಯಲ್ಲಿರುವಾಗ ಅವರು ಮನೆಯವರ ಸೇವೆಯಲ್ಲಿ ತೊಡಗಿರುತ್ತಿದ್ದರೆಂದು ಬುಖಾರಿ ಹೇಳುತ್ತದೆ. ಮಗನ ಕೈಯಿಂದ ಪಾತ್ರೆ ಕಸಿದು ಬಂದೂಕು ಕೊಡುವ ನಾವು ಅನುಸರಿಸುತ್ತಿರುವುದು ಯಾರ ಮಾದರಿಯನ್ನು?

2021ರ ಜನವರಿಯಿಂದ ನಮ್ಮ ದೇಶದಲ್ಲಿ ಕಾರ್ಖಾನೆಯ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಆಟಿಕೆಯ ಬಣ್ಣದಲ್ಲಿ ವಿಷವಿಲ್ಲವೆಂದು ಆ ಗುರುತು ಹೇಳಬಹುದು. ಡಬ್ಬಿಯ ಮೇಲಿನ ಚಿತ್ರದಲ್ಲಿ ವಿಷವಿಲ್ಲವೆಂದು ಹೇಳುವವರು ಯಾರು? ಹಾನಿಕರ ಲಿಂಗಭೇದದ ಜಾಹೀರಾತುಗಳಿಗೆ ಬ್ರಿಟನ್ 2019ರಲ್ಲಿ ತಡೆ ಹಾಕಿತು. ನಮ್ಮಲ್ಲೂ ಜಾಹೀರಾತು ಉದ್ಯಮದ ಸ್ವನಿಯಂತ್ರಣ ಸಂಸ್ಥೆಯಾದ ಆಸ್ಕಿ 2022ರಲ್ಲಿ ಇಂಥದೇ ಮಾರ್ಗಸೂಚಿ ಹೊರಡಿಸಿತು. ಅದಕ್ಕೆ ಯಾವ ಗ್ರಾಹಕರೂ ದೂರು ಕೊಡಬಹುದು. ಕೊಡೋಣ. ಆಟಿಕೆಗಳನ್ನು ವಯಸ್ಸಿಗೆ ತಕ್ಕಂತೆ ಜೋಡಿಸಿಡಿ ಎಂದು ಅಂಗಡಿಯವರನ್ನೂ ಕೇಳೋಣ. ಆದರೆ ಮಗನ ಕೈಗೆ ಸೌಟು, ಮಗಳ ಕೈಗೆ ಸ್ಪ್ಯಾನರ್ ಕೊಡಲು ನಾವು ಯಾವ ಮಾರ್ಗಸೂಚಿಗೂ ಕಾಯಬೇಕಾಗಿಲ್ಲ.