ಜೊತೆಗಾರನ ಜ್ವರ ನಮ್ಮ ಜವಾಬ್ದಾರಿ

ಮುಂಬಯಿಯ ಹೋಟೇಲುಗಳಲ್ಲಿ ಈಗ ಪಾತ್ರೆ ತಿಕ್ಕುವವರೆಲ್ಲ ನಮ್ಮೂರ ಹುಡುಗರೇ ಅಲ್ಲ. ಬಿಹಾರದವರೂ ನಮ್ಮೊಡನೆ ದುಡಿಯುತ್ತಾರೆ, ನಮ್ಮ ಪಕ್ಕದಲ್ಲೇ ಮಲಗುತ್ತಾರೆ. ನಾವು ಹಿಂದೆ ಕೆಲಸಕ್ಕಿದ್ದ ಒಂದು ಹೋಟೇಲಿನಲ್ಲಿ ಅಂಥ ಒಬ್ಬ ಹುಡುಗನಿಗೆ ತಿಂಗಳಾದರೂ ಜ್ವರ ಬಿಡಲಿಲ್ಲ. ಹೊಟ್ಟೆ ಊದಿತು, ಮೈ ಇಳಿಯಿತು. ಧಣಿ ಲೆಕ್ಕ ಚುಕ್ತಾ ಮಾಡಿ ರೈಲು ಹತ್ತಿಸಿದರು. ಅವನ ತಟ್ಟೆಯನ್ನು ದೂರವಿಟ್ಟವರು ಮಾತ್ರ ನಾವೇ. ಅವನಿಗೆ ಇದ್ದ ರೋಗ ಯಾವುದೆಂದು ಯಾರೂ ಪರೀಕ್ಷೆ ಮಾಡಿಸಲಿಲ್ಲ. ಆ ತಪ್ಪು ಮತ್ತೆ ಆಗಕೂಡದೆಂದೇ ಇಂದು ಇದನ್ನು ಬರೆಯುತ್ತಿದ್ದೇವೆ.

ಬಿಹಾರದ ಹಳ್ಳಿಗಳನ್ನು ಬಹುಕಾಲ ಕಾಡಿದ ರೋಗ ಕಾಲಾ ಅಜಾರ್. ಮರಳುನೊಣ ಕಚ್ಚಿದಾಗ ಕಣ್ಣಿಗೆ ಕಾಣದ ಪರಾವಲಂಬಿ ಜೀವಿ ಮೈಸೇರಿ ಗುಲ್ಮವನ್ನು ಊದಿಸುತ್ತದೆ. ಊರಿನಲ್ಲಿ ತಗಲಿದ್ದು ತಿಂಗಳುಗಳ ಮೇಲೆ ಪರಸ್ಥಳದಲ್ಲಿ ತಲೆಯೆತ್ತಬಹುದು. ಈಗ ಈ ರೋಗ ಬಹಳ ಇಳಿದಿದೆ. ಆದರೆ ಅದಕ್ಕೆ ಎಚ್.ಐ.ವಿ. ಜೊತೆಗೂಡಿದರೆ ಒಂದು ಇನ್ನೊಂದನ್ನು ಬಲಪಡಿಸುತ್ತದೆ. ಮದ್ದು ಕೊಟ್ಟರೂ ಜ್ವರ ಮರಳಿ ಬರುತ್ತದೆ. ಅಂಥವನ ರಕ್ತ ಹೀರಿದ ನೊಣದಿಂದ ರೋಗ ಊರಲ್ಲೇ ಉಳಿಯುವ ಭಯವೂ ಇದೆ. ಬಿಹಾರದಲ್ಲಿ ಕಾಲಾ ಅಜಾರ್ ಆದ 2,077 ಮಂದಿಯನ್ನು ಪರೀಕ್ಷಿಸಿದ ವರದಿ 2014ರಲ್ಲಿ ಪ್ರಕಟವಾಯಿತು. ನೂರಕ್ಕೆ 5.6 ಮಂದಿಗೆ ಎಚ್.ಐ.ವಿ. ಇತ್ತು, ಅವರಲ್ಲಿ ಅನೇಕರಿಗೆ ಅದು ಅಲ್ಲಿಯವರೆಗೆ ತಿಳಿದೇ ಇರಲಿಲ್ಲ.

ಹೆದರಬೇಕಾದ್ದಿಲ್ಲ. ಒಂದೇ ಪಂಕ್ತಿಯಲ್ಲಿ ಉಂಡರೆ, ಒಂದೇ ಲೋಟದಲ್ಲಿ ಚಹಾ ಕುಡಿದರೆ ಈ ಎರಡೂ ಅಂಟುವುದಿಲ್ಲ. ಎಚ್.ಐ.ವಿ.ಗೆ ಸರಕಾರ 2004ರಿಂದ ಉಚಿತವಾಗಿ ಔಷಧಿ ಕೊಡುತ್ತಿದೆ. ಎರಡೂ ಕೂಡಿದವರಿಗೆ ಎರಡು ಮದ್ದುಗಳನ್ನು ಜೊತೆಯಾಗಿ 14 ದಿನ ಕೊಡುವ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿತು. ಎಚ್.ಐ.ವಿ. ಔಷಧಿಯನ್ನು ಮಾತ್ರ ಬಿಡದೆ ಸೇವಿಸುತ್ತಿರಬೇಕು.

ಆದುದರಿಂದ ಸದಸ್ಯ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಜೊತೆಗಾರನ ಜ್ವರ ಎರಡು ವಾರ ಮೀರಿದರೆ ಅಂಗಡಿಯ ಗುಳಿಗೆಯಲ್ಲಿ ದಿನ ಕಳೆಯದೆ ಸರಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಅವನ ಊರು ಯಾವುದೆಂದು ಡಾಕ್ಟರರಿಗೆ ಹೇಳಿರಿ. ಮುಂಬಯಿಯ ಡಾಕ್ಟರರಿಗೆ ಕಾಲಾ ಅಜಾರಿನ ನೆನಪು ಬರುವುದು ಆ ಒಂದು ಮಾತಿನಿಂದಲೇ. ಎಚ್.ಐ.ವಿ. ಪರೀಕ್ಷೆ ಅವನ ಒಪ್ಪಿಗೆಯಿಂದ ನಡೆಯಲಿ, ಫಲಿತಾಂಶ ಅವನಲ್ಲೇ ಇರಲಿ.

ಧಣಿಗಳಿಗೂ ಒಂದು ಮಾತು. ಎಚ್.ಐ.ವಿ. ಇದೆಯೆಂಬ ಕಾರಣಕ್ಕೆ ಭೇದ ಮಾಡುವುದನ್ನೂ, ಕೆಲಸಕ್ಕಾಗಿ ಪರೀಕ್ಷೆಯ ಬಲವಂತ ಮಾಡುವುದನ್ನೂ 2017ರ ಕಾಯಿದೆ ನಿಷೇಧಿಸಿದೆ. ಇನ್ನು ಮುಂದೆ ಕಾಯಿಲೆಯ ಹುಡುಗನನ್ನು ರೈಲು ಹತ್ತಿಸಿ ಕೈತೊಳೆದುಕೊಳ್ಳುವವರಿಗೆ ನಮ್ಮ ಸಂಘ ಎದುರು ನಿಲ್ಲುವುದು. ಅಂದು ಸುಮ್ಮನಿದ್ದ ನಾವು ಇಂದು ಸುಮ್ಮನಿರಲಾರೆವು.