ಗೃಹಾರೋಗ್ಯ: ಮೇದೋಜೀರಕ ಗ್ರಂಥಿಯ ಉರಿಯೂತ

ಹೊಟ್ಟೆನೋವೆಂದರೆ ನಮ್ಮ ಮನೆಗಳಲ್ಲಿ ಯಾರೂ ಅಷ್ಟಾಗಿ ಹೆದರುವುದಿಲ್ಲ. ಅದು ಬಹುಮಟ್ಟಿಗೆ ಅಜೀರ್ಣದಿಂದಲೋ ವಾಯುವಿನಿಂದಲೋ ಬಂದುದಾಗಿದ್ದು, ಒಂದು ಲೋಟ ಜೀರಿಗೆಯ ಕಷಾಯದಿಂದಲೋ ಒಂದು ಹೊತ್ತಿನ ಲಂಘನದಿಂದಲೋ ಶಾಂತವಾಗುವುದುಂಟು. ಹೀಗೆ ಅನೇಕ ಸಲ ವಾಸಿಯಾದುದನ್ನು ಕಂಡಿರುವುದರಿಂದಲೇ, ಹೊಟ್ಟೆನೋವುಗಳೆಲ್ಲವೂ ಒಂದೇ ಜಾತಿಯವೆಂದು ನಾವು ನಂಬಿಬಿಡುತ್ತೇವೆ. ಈ ನಂಬಿಕೆಯಿಂದ ಒಮ್ಮೊಮ್ಮೆ ಪ್ರಾಣಕ್ಕೇ ಅಪಾಯವೊದಗುತ್ತದೆ. ಅಂತಹ ಒಂದು ನೋವಿನ ವಿಚಾರವನ್ನು ಈ ಸಲ ವಾಚಕರ ಮುಂದಿಡಬೇಕೆಂದಿರುವೆವು.

ನಮಗೆ ಪರಿಚಿತವಾದ ಮನೆಯೊಂದರಲ್ಲಿ ಕೆಲವು ತಿಂಗಳ ಹಿಂದೆ ಉಪನಯನ ನಡೆಯಿತು. ಆ ಮನೆಯ ಗೃಹಿಣಿಯು ನಲವತ್ತೈದರ ಆಸುಪಾಸಿನವರು. ಸಂಜೆಯ ವೇಳೆಗೆ ಅವರಿಗೆ ಮೇಲುಹೊಟ್ಟೆಯಲ್ಲಿ ನೋವು ಕಾಣಿಸಿಕೊಂಡಿತು. ಮನೆ ತುಂಬ ನೆಂಟರಿರುವಾಗ ಮಲಗುವುದು ಹೇಗೆಂದು ಯಾರಿಗೂ ಹೇಳದೆ ಅಡಿಗೆಮನೆಯಲ್ಲಿಯೇ ನಿಂತರು. ರಾತ್ರಿಯ ಹೊತ್ತಿಗೆ ನೋವು ಬೆನ್ನಿನವರೆಗೂ ಹಾಯ್ದು ನಿಂತಿತು. ವಾಂತಿಯಾಯಿತು, ವಾಂತಿಯಾದರೂ ನೋವು ಇಳಿಯಲಿಲ್ಲ. ಅಂಗಾತ ಮಲಗಲಾರದೆ, ಮಂಡಿಗಳನ್ನು ಎದೆಗೆ ಒತ್ತಿಕೊಂಡು ಮುಂದಕ್ಕೆ ಬಾಗಿ ಕುಳಿತರು. ಅತ್ತೆಯವರು ಓಮದ ಕಷಾಯ ಕೊಟ್ಟರು. ಯಜಮಾನರು ಪಿತ್ತದ ಮಾತ್ರೆ ಕೊಟ್ಟರು. ನೆಂಟರೊಬ್ಬರು ಬಿಸಿನೀರಿನ ಚೀಲ ತಂದರು. ಬೆಳಗಾಗುವಾಗ ಕೈಕಾಲುಗಳು ತಣ್ಣಗಾಗಿ ನಾಡಿಯು ಓಡತೊಡಗಿದ ಮೇಲೆ ಆಸ್ಪತ್ರೆಗೆ ಒಯ್ದರು. ಹನ್ನೊಂದು ದಿನ ಅಲ್ಲಿದ್ದು, ದೈವಕೃಪೆಯಿಂದಲೂ ವೈದ್ಯರ ಶ್ರಮದಿಂದಲೂ ಅವರು ಬದುಕಿ ಬಂದರು.

ಆ ಮೇಲೆ ತಿಳಿದುಬಂದ ಸಂಗತಿಯೇನೆಂದರೆ, ಎರಡು ವರ್ಷಗಳ ಹಿಂದೆಯೇ ಸ್ಕ್ಯಾನ್ ಮಾಡಿದ ವೈದ್ಯರು ಅವರ ಪಿತ್ತಕೋಶದಲ್ಲಿ ಕಲ್ಲುಗಳಿವೆಯೆಂದು ಹೇಳಿದ್ದರು. ಊಟವಾದ ಬಳಿಕ ಆಗಾಗ ಬಲಪಕ್ಕೆಯಲ್ಲಿ ನೋವೂ ಬರುತ್ತಿದ್ದಿತು. “ಮಗಳ ಪರೀಕ್ಷೆ ಮುಗಿಯಲಿ, ಉಪನಯನ ಮುಗಿಯಲಿ” ಎಂದು ಶಸ್ತ್ರಚಿಕಿತ್ಸೆಯನ್ನು ಮುಂದೂಡುತ್ತ ಬಂದವರು ಆ ಗೃಹಿಣಿಯೇ. ಬೇಡವೆಂದು ಹೇಳಿದವರು ಯಾರೂ ಇರಲಿಲ್ಲ. ಬೇಕೆಂದು ಒತ್ತಾಯಿಸಿದವರೂ ಇರಲಿಲ್ಲ.

ಅವರಿಗೆ ಬಂದ ರೋಗದ ಹೆಸರು ಮೇದೋಜೀರಕ ಗ್ರಂಥಿಯ ಉರಿಯೂತ. ವೈದ್ಯರು ಚೀಟಿಯಲ್ಲಿ ಪ್ಯಾಂಕ್ರಿಯಾಟೈಟಿಸ್ ಎಂದು ಬರೆಯುತ್ತಾರೆ. ಜಠರದ ಹಿಂದುಗಡೆ, ಬೆನ್ನುಮೂಳೆಗೆ ಅಡ್ಡಲಾಗಿ, ಸುಮಾರು ೧೫ ಸೆಂಟಿಮೀಟರು, ಎಂದರೆ ಒಂದು ಗೇಣಿಗಿಂತ ಕಡಿಮೆ ಉದ್ದದ ಮೆತ್ತನೆಯ ಅವಯವವೊಂದಿದೆ. ಅದೇ ಮೇದೋಜೀರಕ ಗ್ರಂಥಿ. ಅದು ಬೆನ್ನಿಗೆ ಸಮೀಪವಾಗಿರುವುದರಿಂದಲೇ ಅದರ ನೋವು ಬೆನ್ನಿಗೆ ಹಾಯುತ್ತದೆ. ಮುಂದಕ್ಕೆ ಬಾಗಿ ಕುಳಿತರೆ ಸ್ವಲ್ಪ ಹಿತವೆನಿಸುತ್ತದೆ.

ಈ ಗ್ರಂಥಿಗೆ ಎರಡು ಕೆಲಸಗಳುಂಟು. ರಕ್ತದಲ್ಲಿನ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಎಂಬ ರಸವನ್ನು ರಕ್ತಕ್ಕೆ ಸೇರಿಸುವುದು ಒಂದು. ನಾವು ಉಂಡ ಅನ್ನ, ಬೇಳೆ, ತುಪ್ಪಗಳನ್ನು ಜೀರ್ಣಿಸುವ ರಸವನ್ನು ದಿನಕ್ಕೆ ಒಂದು ಲೀಟರಿಗೂ ಮಿಕ್ಕಿ ಸಣ್ಣ ಕರುಳಿಗೆ ಹರಿಸುವುದು ಇನ್ನೊಂದು. ಮಾಂಸವನ್ನೂ ಕೊಬ್ಬನ್ನೂ ಕರಗಿಸಬಲ್ಲ ಈ ರಸವು, ತಾನು ಹುಟ್ಟಿದ ಗ್ರಂಥಿಯನ್ನೇಕೆ ಕರಗಿಸುವುದಿಲ್ಲವೆಂದು ವಾಚಕರು ಕೇಳಬಹುದು. ಸೃಷ್ಟಿಯು ಇದಕ್ಕೆ ತಕ್ಕ ಏರ್ಪಾಡನ್ನು ಮಾಡಿದೆ. ಮಾಂಸವನ್ನು ಕರಗಿಸುವ ಕಿಣ್ವಗಳು ಗ್ರಂಥಿಯೊಳಗಿರುವಾಗ ಒರೆಯಲ್ಲಿಟ್ಟ ಕತ್ತಿಯಂತೆ ನಿರುಪದ್ರವಿಗಳು. ಕರುಳನ್ನು ಸೇರಿದ ಮೇಲೆಯೇ ಅವು ಹರಿತವಾಗುತ್ತವೆ. ಯಾವುದೋ ಕಾರಣದಿಂದ ಅವು ಗ್ರಂಥಿಯೊಳಗೇ ಹರಿತವಾದರೆ ಗ್ರಂಥಿಯು ತನ್ನನ್ನು ತಾನೇ ಜೀರ್ಣಿಸಿಕೊಳ್ಳತೊಡಗುತ್ತದೆ. ಬೇಲಿಯೇ ಎದ್ದು ಹೊಲವನ್ನು ಮೇಯ್ದಂತಾಗುತ್ತದೆ. ಈ ತತ್ತ್ವವನ್ನು ೧೮೯೬ರಲ್ಲಿ ಪ್ರಾಗ್ ನಗರದ ಹಾನ್ಸ್ ಕಿಯಾರಿ ಎಂಬ ವೈದ್ಯಶಾಸ್ತ್ರಜ್ಞನು ಮಂಡಿಸಿದನು.

ಹಾಗಾದರೆ ಕಾರಣಗಳಾವುವು? ಮೊದಲನೆಯದು ಪಿತ್ತಕೋಶದ ಕಲ್ಲು. ಪಿತ್ತರಸದ ನಾಳವೂ ಮೇದೋಜೀರಕದ ನಾಳವೂ ಸಾಮಾನ್ಯವಾಗಿ ಒಂದೇ ಬಾಗಿಲಿನಿಂದ ಕರುಳನ್ನು ಸೇರುತ್ತವೆ. ಪಿತ್ತಕೋಶದಿಂದ ಜಾರಿಬಂದ ಚಿಕ್ಕ ಕಲ್ಲೊಂದು ಆ ಬಾಗಿಲಲ್ಲಿ ಸಿಕ್ಕಿಕೊಂಡರೆ ಎರಡು ಮನೆಗಳ ದಾರಿಯೂ ಕಟ್ಟಿಹೋಗುತ್ತದೆ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಯೂಜೀನ್ ಓಪೀ ಎಂಬ ವೈದ್ಯನು, ಈ ರೋಗದಿಂದ ತೀರಿಕೊಂಡವರೊಬ್ಬರ ದೇಹದಲ್ಲಿ ಇಂತಹ ಕಲ್ಲು ಸಿಕ್ಕಿಕೊಂಡಿದ್ದುದನ್ನು ಕಂಡು ೧೯೦೧ರಲ್ಲಿ ಪ್ರಕಟಿಸಿದನು. ಎರಡನೆಯ ಮುಖ್ಯ ಕಾರಣ ಮದ್ಯಪಾನ. ಧೂಮಪಾನವು ಅದಕ್ಕೆ ಜೊತೆಗಾರ. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ವಿಪರೀತವಾಗಿ, ಸಾಮಾನ್ಯವಾಗಿ ಡೆಸಿಲೀಟರಿಗೆ ೧೦೦೦ ಮಿಲಿಗ್ರಾಮಿಗೂ ಮಿಕ್ಕಿ, ಏರುವುದು ಮೂರನೆಯದು. ರಕ್ತದಲ್ಲಿ ಸುಣ್ಣದ ಅಂಶ ಹೆಚ್ಚುವುದು, ಕೆಲವು ಔಷಧಿಗಳು, ಹೊಟ್ಟೆಗೆ ಬಿದ್ದ ಬಲವಾದ ಪೆಟ್ಟು, ಕೆಪ್ಪಟರಾಯನ ಬಾವು, ವಂಶಪಾರಂಪರ್ಯದ ದೋಷ ಇವೂ ಅಪರೂಪವಾಗಿ ಕಾರಣವಾಗುತ್ತವೆ. ಎಷ್ಟು ಹುಡುಕಿದರೂ ಕಾರಣ ಸಿಕ್ಕದ ರೋಗಿಗಳೂ ಉಂಟು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಈ ರೋಗದ ಹೆಸರನ್ನು ಕೇಳಿದೊಡನೆ “ಕುಡಿಯುತ್ತಿದ್ದರೇನೋ” ಎಂದು ಪಿಸುಗುಟ್ಟುವ ಬಂಧುಗಳುಂಟು. ಜನ್ಮದಲ್ಲಿ ಮದ್ಯವನ್ನು ಮುಟ್ಟದವರಿಗೂ, ಮಕ್ಕಳಿಗೂ ಈ ರೋಗ ಬರುತ್ತದೆ. ನೋವಿನಲ್ಲಿರುವವರ ಮೇಲೆ ಅಪವಾದವನ್ನೂ ಹೊರಿಸುವುದು ಅನ್ಯಾಯ. ಆದರೆ ಕುಡಿಯುವ ಅಭ್ಯಾಸವಿದ್ದವರು ಅದನ್ನು ವೈದ್ಯರಿಂದ ಮುಚ್ಚಿಡುವುದು ಅದಕ್ಕಿಂತಲೂ ದೊಡ್ಡ ತಪ್ಪು. ಮಾನ ಉಳಿಸುವ ನೆಪದಲ್ಲಿ ಮನೆಯವರು ಸುಳ್ಳು ಹೇಳಿದರೆ ಚಿಕಿತ್ಸೆಯೇ ದಾರಿ ತಪ್ಪುತ್ತದೆ.

ಇದರ ಲಕ್ಷಣಗಳನ್ನು ಮನೆಯವರೆಲ್ಲರೂ ತಿಳಿದಿರಬೇಕು. ಮೇಲುಹೊಟ್ಟೆಯ ನಡುವೆ ಅಥವಾ ಎಡಕ್ಕೆ ತೀವ್ರವಾದ ನೋವು, ಅದು ಬಂದು ಹೋಗದೆ ಗಂಟೆಗಟ್ಟಲೆ ಒಂದೇ ಸಮನಾಗಿ ನಿಲ್ಲುವುದು, ಅನೇಕರಲ್ಲಿ ಬೆನ್ನಿಗೆ ಹಾಯುವುದು, ವಾಂತಿಯಾದರೂ ಶಮನವಾಗದಿರುವುದು, ಹೊಟ್ಟೆಯುಬ್ಬರ ಮತ್ತು ಜ್ವರ. ಇದರೊಡನೆ ಏದುಸಿರು, ತಣ್ಣನೆಯ ಬೆವರು, ಮೂತ್ರ ಕಡಿಮೆಯಾಗುವುದು, ಕಣ್ಣು ಹಳದಿಯಾಗುವುದು, ಮಾತು ತಪ್ಪುವುದು ಇವುಗಳಲ್ಲಿ ಯಾವುದೊಂದು ಕಂಡರೂ ಗಳಿಗೆಯ ವಿಳಂಬವೂ ಕೂಡದು. ಹೃದಯಾಘಾತವೂ ಕೆಲವೊಮ್ಮೆ ಮೇಲುಹೊಟ್ಟೆಯ ನೋವಿನ ವೇಷದಲ್ಲಿಯೇ ಬರುತ್ತದೆ. ಯಾವುದೆಂದು ಮನೆಯಲ್ಲಿ ತೀರ್ಮಾನಿಸಲಾಗದು. ತೀರ್ಮಾನಿಸುವ ಅಗತ್ಯವೂ ಇಲ್ಲ. ಎರಡಕ್ಕೂ ಆಸ್ಪತ್ರೆಯೇ ಗತಿ.

ಮನೆಯಲ್ಲಿ ಮಾಡಬೇಕಾದುದು ಸ್ವಲ್ಪವೇ. ವೈದ್ಯರು ನೋಡುವವರೆಗೆ ಆಹಾರವನ್ನಾಗಲಿ, ಕಷಾಯ, ಸೋಡಾ, ಭೇದಿಯ ಔಷಧಿಗಳನ್ನಾಗಲಿ ಕೊಡಬಾರದು. ರೋಗಿಗೆ ಹಿತವೆನಿಸುವ ಭಂಗಿಯಲ್ಲಿ ಕುಳ್ಳಿರಿಸಬೇಕು. ಅವರು ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನೂ ಹಳೆಯ ಸ್ಕ್ಯಾನ್ ಕಾಗದಗಳನ್ನೂ ಜೊತೆಗೆ ಒಯ್ಯಬೇಕು. ವಾಹನವಿಲ್ಲದಿದ್ದರೆ ೧೦೮ಕ್ಕೆ ಕರೆಮಾಡಬೇಕು.

ಆಸ್ಪತ್ರೆಯಲ್ಲಿ ರೋಗವನ್ನು ಗುರುತಿಸುವ ಕ್ರಮ ಹೀಗಿದೆ: ರೋಗಕ್ಕೆ ತಕ್ಕ ನೋವು, ರಕ್ತದಲ್ಲಿ ಲೈಪೇಸ್ ಅಥವಾ ಅಮೈಲೇಸ್ ಎಂಬ ಕಿಣ್ವವು ಮಿತಿಯ ಮೂರು ಪಟ್ಟಾದರೂ ಏರಿರುವುದು, ಸ್ಕ್ಯಾನ್ ಚಿತ್ರದಲ್ಲಿ ಊತವು ಕಾಣುವುದು. ಈ ಮೂರರಲ್ಲಿ ಎರಡಿದ್ದರೆ ರೋಗವು ಖಚಿತ. ಕಲ್ಲುಗಳಿವೆಯೇ ಎಂದು ತಿಳಿಯಲು ಅಲ್ಟ್ರಾಸೌಂಡ್ ಪರೀಕ್ಷೆಯನ್ನೂ ಮಾಡುತ್ತಾರೆ.

ಈ ಉರಿಯೂತವನ್ನು ನೇರವಾಗಿ ಆರಿಸುವ ಔಷಧಿಯೊಂದಿಲ್ಲ. ಗ್ರಂಥಿಯು ತಾನಾಗಿ ಚೇತರಿಸಿಕೊಳ್ಳುವವರೆಗೆ ದೇಹವನ್ನು ಕಾಪಾಡುವುದೇ ಚಿಕಿತ್ಸೆಯ ಸಾರ. ರಕ್ತನಾಳದ ಮೂಲಕ ದ್ರವವನ್ನು ಕೊಡುವುದು, ನೋವನ್ನು ಇಳಿಸುವುದು, ಬೇಕಾದರೆ ಆಮ್ಲಜನಕವನ್ನು ಕೊಡುವುದು ಇದರ ಅಂಗಗಳು. ದ್ರವ ಹೆಚ್ಚಾದಷ್ಟೂ ಒಳ್ಳೆಯದೆಂಬ ಭಾವನೆ ಬಹುಕಾಲವಿದ್ದಿತು. ಭಾರತವೂ ಸೇರಿದಂತೆ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ ನಡೆದು ೨೦೨೨ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಿಂದ, ಮಿತವಾಗಿ ಅಳೆದು ಕೊಡುವುದೇ ಕ್ಷೇಮವೆಂದು ಸ್ಪಷ್ಟವಾಯಿತು. ಹಾಗೆಯೇ, ರೋಗಿಯನ್ನು ದಿನಗಟ್ಟಲೆ ಉಪವಾಸವಿಡುತ್ತಿದ್ದ ಹಿಂದಿನ ಪದ್ಧತಿಯೂ ಈಗ ಬದಲಾಗಿದೆ. ವಾಂತಿ ನಿಂತು ಹಸಿವು ತೋರಿದರೆ ಬೇಗನೆ ಲಘುವಾದ ಆಹಾರವನ್ನು ಕೊಡುತ್ತಾರೆ. ಸೋಂಕಿನ ಸೂಚನೆ ಇಲ್ಲದಿದ್ದರೆ ಆಂಟಿಬಯಾಟಿಕ್ ಔಷಧಿಯ ಅಗತ್ಯವಿಲ್ಲ. ಆದುದರಿಂದ “ಊಟ ಕೊಟ್ಟರು, ಔಷಧಿ ಕೊಡಲಿಲ್ಲ” ಎಂದು ಮನೆಯವರು ಗಾಬರಿಪಡಬೇಕಾಗಿಲ್ಲ.

ಸುಮಾರು ಐದರಲ್ಲಿ ನಾಲ್ಕು ಪಾಲು ರೋಗಿಗಳಿಗೆ ರೋಗವು ಸೌಮ್ಯವಾಗಿದ್ದು ಒಂದು ವಾರದ ಆಸುಪಾಸಿನಲ್ಲಿ ಇಳಿಯುತ್ತದೆ. ಉಳಿದವರಲ್ಲಿ ಗ್ರಂಥಿಯ ಭಾಗವು ಸತ್ತು ಕೀವಾಗುವುದು, ಮೂತ್ರಪಿಂಡ ಮತ್ತು ಶ್ವಾಸಕೋಶಗಳು ಕುಂದುವುದು ಮೊದಲಾದ ತೊಡಕುಗಳುಂಟಾಗಬಹುದು. ಯಾರು ಯಾವ ಗುಂಪಿಗೆ ಸೇರುವರೆಂದು ಮೊದಲ ರಾತ್ರಿಯಲ್ಲಿ ಹೇಳಲು ಬಲ್ಲವರಿಗೂ ಕಷ್ಟ. ಆದುದರಿಂದಲೇ ಆ ರಾತ್ರಿಯನ್ನು ಮನೆಯಲ್ಲಿ ಕಳೆಯಬಾರದು.

ನೋವು ಇಳಿದ ಮಾತ್ರಕ್ಕೆ ರೋಗವು ತೀರಿತೆಂದು ತಿಳಿಯಬಾರದು. ಕಲ್ಲಿನಿಂದ ಸೌಮ್ಯವಾದ ಉರಿಯೂತ ಬಂದಿದ್ದರೆ, ಅದೇ ಸಲ ಆಸ್ಪತ್ರೆಯನ್ನು ಬಿಡುವ ಮೊದಲೇ ಪಿತ್ತಕೋಶವನ್ನು ತೆಗೆಸುವುದು ಲೇಸು. ನೆದರ್‌ಲ್ಯಾಂಡ್ಸ್ ದೇಶದಲ್ಲಿ ನಡೆದು ೨೦೧೫ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಮನೆಗೆ ಹೋಗಿ ಸುಮಾರು ಒಂದು ತಿಂಗಳ ಬಳಿಕ ಶಸ್ತ್ರಚಿಕಿತ್ಸೆಗೆ ಬರಬೇಕಾಗಿದ್ದವರಲ್ಲಿ ಶೇಕಡಾ ೧೭ ಮಂದಿಗೆ ಕಲ್ಲಿನ ತೊಂದರೆ ಮರುಕಳಿಸಿತು. ಕೂಡಲೇ ಮಾಡಿಸಿಕೊಂಡವರಲ್ಲಿ ಶೇಕಡಾ ೫ ಮಂದಿಗೆ ಮಾತ್ರ. ಯಾವ ತೊಂದರೆಯನ್ನೂ ಕೊಡದೆ ಸುಮ್ಮನಿರುವ ಕಲ್ಲುಗಳನ್ನೆಲ್ಲ ತೆಗೆಸಬೇಕಾಗಿಲ್ಲ. ನೋವು ಕೊಡಲಾರಂಭಿಸಿದ ಕಲ್ಲನ್ನು ಮಾತ್ರ ಮರೆಯಬಾರದು. ಮದ್ಯವು ಕಾರಣವಾಗಿದ್ದರೆ “ಇನ್ನು ಸ್ವಲ್ಪವೇ” ಎಂಬುದಕ್ಕೆ ಅವಕಾಶವಿಲ್ಲ, ಪೂರ್ತಿಯಾಗಿ ಬಿಡಬೇಕು. ಬೀಡಿ ಸಿಗರೇಟುಗಳನ್ನೂ ಬಿಡಬೇಕು.

ಕಾರಣವನ್ನು ಕೀಳದೆ ಬಿಟ್ಟರೆ ಉರಿಯೂತವು ಮರಳಿ ಮರಳಿ ಬಂದು, ಕೆಲವರಲ್ಲಿ ಗ್ರಂಥಿಯು ಗಟ್ಟಿಗಟ್ಟಿ ನಿಷ್ಫಲವಾಗುತ್ತದೆ. ಆಗ ಎಣ್ಣೆಯಂತೆ ತೇಲುವ ಮಲ, ಮೈ ಇಳಿಯುವಿಕೆ, ಮಧುಮೇಹ ಇವು ಜೊತೆಗೂಡುತ್ತವೆ. ಊಟದೊಡನೆ ಕಿಣ್ವದ ಗುಳಿಗೆಗಳನ್ನೂ, ಬೇಕಾದವರು ಇನ್ಸುಲಿನನ್ನೂ ತೆಗೆದುಕೊಂಡು ಬಾಳು ಸಾಗಿಸಬೇಕಾಗುತ್ತದೆ. ಕೇರಳದಲ್ಲಿ ಮದ್ಯದ ಸೋಂಕೇ ಇಲ್ಲದ ಮಕ್ಕಳಿಗೂ ತರುಣರಿಗೂ ಇಂತಹ ದೀರ್ಘರೋಗ ಬರುತ್ತಿದ್ದುದನ್ನು ಡಾಕ್ಟರ್ ಗೀವರ್ಗೀಸರು ೧೯೬೦ರ ದಶಕದಲ್ಲಿ ವಿವರವಾಗಿ ಪರಿಶೀಲಿಸಿದರು. ಮರಗೆಣಸಿನ ಊಟವೇ ಕಾರಣವಿರಬಹುದೆಂದು ಒಂದು ಕಾಲದಲ್ಲಿ ಶಂಕಿಸಿದ್ದರು. ವಂಶವಾಹಿಗಳ ದೋಷವೂ ಅದರಲ್ಲಿ ಪಾಲುಗೊಂಡಿದೆಯೆಂದು ಅನಂತರ ತಿಳಿದುಬಂದಿತು. ಮಗುವು ಮತ್ತೆ ಮತ್ತೆ ಹೊಟ್ಟೆನೋವೆಂದು ಅತ್ತು ಸೊರಗುತ್ತಿದ್ದರೆ, ಶಾಲೆ ತಪ್ಪಿಸುವ ನೆಪವೆಂದು ಗದರಿಸುವ ಮೊದಲು ವೈದ್ಯರಿಗೆ ತೋರಿಸುವುದು ಒಳ್ಳೆಯದು.

ಕೊನೆಯದಾಗಿ ನಮ್ಮ ಸೋದರಿಯರಿಗೆ ಒಂದು ಮಾತು. ಮನೆಯವರೆಲ್ಲರ ಊಟವಾದ ಮೇಲೆ ತಾವು ಉಣ್ಣುವ ಅಭ್ಯಾಸದಂತೆಯೇ, ಮನೆಯವರೆಲ್ಲರ ಕೆಲಸವಾದ ಮೇಲೆ ತಮ್ಮ ನೋವನ್ನು ಹೇಳುವ ಅಭ್ಯಾಸವೂ ಅನೇಕರಲ್ಲಿದೆ. ಈ ರೋಗವು ಅಷ್ಟು ಹೊತ್ತು ಕಾಯುವಂಥದಲ್ಲ. ಗೃಹಸ್ಥರಿಗೂ ಒಂದು ಮಾತು: ಗೃಹಿಣಿಯು ಊಟ ಬಿಟ್ಟು ಮುಖ ಬಾಡಿಸಿಕೊಂಡು ಓಡಾಡುತ್ತಿದ್ದರೆ, ಆಕೆಯೇ ಹೇಳಲೆಂದು ಕಾಯದೆ ನೀವಾಗಿ ಕೇಳಿರಿ. ವೈದ್ಯರು ಹೇಳಿದ ಶಸ್ತ್ರಚಿಕಿತ್ಸೆಗೆ ಪಂಚಾಂಗದಲ್ಲಿ ಒಳ್ಳೆಯ ದಿನವನ್ನು ಹುಡುಕುವ ಬದಲು ಆಸ್ಪತ್ರೆಯಲ್ಲಿ ದಿನವನ್ನು ಗೊತ್ತುಮಾಡಿಕೊಂಡು ಬನ್ನಿರಿ. ಇದನ್ನು ಓದಿ ಒಂದು ಮನೆಯವರಾದರೂ ಹಾಗೆ ನಡೆದುಕೊಂಡರೆ ನಮ್ಮ ಶ್ರಮವು ಸಾರ್ಥಕವಾಯಿತೆಂದು ಭಾವಿಸುವೆವು.