ಮಗುವಿನ ಮಾತಿಗೆ ಕಿವಿಗೊಟ್ಟವರಾರು?

ಒಂದೇ ಚಿತ್ರವನ್ನು ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡಿ ಎದ್ದರೂ, ತಾವು ನೋಡಿದುದು ಯಾವ ಜಾತಿಯ ಕಥೆಯೆಂಬ ವಿಷಯದಲ್ಲಿ ಅವರೊಳಗೆ ಒಮ್ಮತವಿಲ್ಲದಿರುವುದುಂಟು. 1999ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಅಮೆರಿಕಾ ದೇಶದಲ್ಲಿ ತೆರೆಕಂಡ ‘ದಿ ಸಿಕ್ಸ್ತ್ ಸೆನ್ಸ್’ ಎಂಬ ಚಿತ್ರವು ಅಂತಹುದು. ಇದನ್ನು ಬರೆದು ನಿರ್ದೇಶಿಸಿದ ಎಂ. ನೈಟ್ ಶ್ಯಾಮಲನ್ ಅವರು 1970ರಲ್ಲಿ ಮಾಹೆಯಲ್ಲಿ ಹುಟ್ಟಿ, ಫಿಲಡೆಲ್ಫಿಯಾ ನಗರದ ಬಳಿಯಲ್ಲಿ ಬೆಳೆದವರು. ಕಥೆಯು ನಡೆಯುವುದೂ ಆ ನಗರದಲ್ಲಿಯೇ.

ನೋಡಿದವರ ಅಭಿಪ್ರಾಯಗಳನ್ನು ವಿಂಗಡಿಸಿದರೆ ಮೂರು ಪಂಗಡಗಳು ಕಾಣುವುವು. ದೆವ್ವದ ಕಥೆಯೆಂದು ಹೋದವರಲ್ಲಿ ಕೆಲವರು ಅಬ್ಬರವು ಸಾಲದೆಂದು ಬೇಸರಪಡುವರು. ಕೋಣೆಯು ಇದ್ದಕ್ಕಿದ್ದಂತೆ ತಣ್ಣಗಾಗಿ ಬಾಲಕನ ಉಸಿರಿನ ಆವಿ ಕಂಡರೆ ಸಾಕು, ಎದೆ ನಡುಗುವುದು ಎನ್ನುವರು ಮತ್ತೆ ಕೆಲವರು. ಎರಡನೆಯ ಪಂಗಡದವರಿಗೆ ಇದೊಂದು ಒಗಟು. ಕೊನೆಯ ಗುಟ್ಟನ್ನು ತಿಳಿದ ಮೇಲೆ ಮೊದಲಿನಿಂದ ಇನ್ನೊಮ್ಮೆ ನೋಡಿ, ಸುಳಿವುಗಳನ್ನು ಹೆಕ್ಕುವುದರಲ್ಲಿ ಅವರಿಗೆ ಆನಂದ. ಗುಟ್ಟನ್ನು ಮೊದಲೇ ಊಹಿಸಿದೆನೆಂದು ಬೀಗುವವರೂ, ಗುಟ್ಟೊಂದನ್ನು ತೆಗೆದರೆ ಉಳಿಯುವುದೇನೆಂದು ಕೇಳುವವರೂ ಅವರಲ್ಲಿಯೇ ಇರುವರು. ಮೂರನೆಯವರಾದರೋ, ದೆವ್ವವೂ ಒಗಟೂ ನೆಪಮಾತ್ರ, ಇದು ತಾಯಿಮಗನ ಕಥೆ ಎನ್ನುವರು.

ನಾವು ಮೂರನೆಯವರ ಪಕ್ಷದವರಾದರೂ ಉಳಿದವರನ್ನು ತಳ್ಳಿಹಾಕಲಾರೆವು. ಭಯ, ಒಗಟು, ಸಂಸಾರ ಈ ಮೂರನ್ನೂ ಕಟ್ಟಿರುವ ದಾರವು ಒಂದೇ ಎಂದು ನಮಗೆ ತೋರುತ್ತದೆ. ಮಗುವು ಹೇಳಲಾರದೆ ನುಂಗಿಕೊಂಡಿರುವ ಮಾತನ್ನು ದೊಡ್ಡವರು ಕೇಳುವರೋ ಇಲ್ಲವೋ ಎಂಬುದೇ ಆ ದಾರ. ಗುಟ್ಟನ್ನು ಬಯಲುಮಾಡದೆ ಇದನ್ನು ವಿವರಿಸಲು ಯತ್ನಿಸುವೆವು.

ಕೋಲ್ ಎಂಬವನು 9 ವರ್ಷದ ಹುಡುಗ. ತಂದೆ ಬಿಟ್ಟುಹೋಗಿರುವನು, ತಾಯಿ ಎರಡು ಕಡೆ ದುಡಿದು ಮನೆ ನಡೆಸುವಳು. ಸತ್ತವರು ಇವನ ಕಣ್ಣಿಗೆ ಕಾಣುವರು. ಶಾಲೆಯಲ್ಲಿ ಒಮ್ಮೆ ಕಂಡುದನ್ನು ಕಂಡಂತೆ ಬರೆದುದರಿಂದ ಅಧ್ಯಾಪಕರು ಗಾಬರಿಗೊಂಡು ಸಭೆ ಸೇರಿದರು, ತಾಯಿಯು ಅತ್ತಳು. ಅಂದಿನಿಂದ ಅವನು ಬರೆಯುವ ಚಿತ್ರಗಳಲ್ಲಿ ಕಾಮನಬಿಲ್ಲುಗಳೂ ನಗುಮುಖದ ಜನರೂ ಮಾತ್ರ ಇರುವರು. ಕಾಮನಬಿಲ್ಲಿಗಾಗಿ ಯಾರೂ ಸಭೆ ಸೇರುವುದಿಲ್ಲವಷ್ಟೆ! ಇಡೀ ಚಿತ್ರದಲ್ಲಿ ನಮ್ಮನ್ನು ಹೆಚ್ಚಾಗಿ ಹೆದರಿಸಿದ ಸಂಗತಿ ಇದೇ. ಹಿರಿಯರಿಗೆ ಹಿತವಾದುದನ್ನು ಮಾತ್ರ ತೋರಿಸಲು ಮಗುವು ಎಷ್ಟು ಬೇಗ ಕಲಿಯುವುದು!

ತಾಯಿಯು ಕೆಟ್ಟವಳಲ್ಲ. ಆದರೂ ತನ್ನ ತಾಯಿಯ ಪದಕವು ಹೇಗೋ ಮಗನ ಕೋಣೆ ಸೇರಿದಾಗ, ನೀನು ತೆಗೆದೆಯಾ ಎಂದು ಕೇಳುವಳು. ಅವನು ಇಲ್ಲವೆನ್ನುವನು, ಅದು ನಿಜ. ಅವಳು ನಂಬದೆ ಅವನನ್ನು ಊಟದ ಮೇಜಿನಿಂದ ಎಬ್ಬಿಸಿ ಕಳುಹಿಸುವಳು. ಸ್ವಲ್ಪ ಹೊತ್ತಿನ ಮೇಲೆ ಅದೇ ಹುಡುಗ ಹೆದರಿ ನಡುಗುತ್ತ ಬಂದು, ನಿನಗೆ ತುಂಬ ಕೋಪವಿಲ್ಲದಿದ್ದರೆ ಈ ರಾತ್ರಿ ನಿನ್ನ ಹಾಸಿಗೆಯಲ್ಲಿ ಮಲಗಲೇ ಎಂದು ಕೇಳುವನು. ಇಂತಹ ರಾತ್ರಿಯನ್ನು ಕಾಣದ ಮನೆಯು ಯಾವುದು?

ಮಕ್ಕಳ ಮನಶ್ಶಾಸ್ತ್ರಜ್ಞನಾದ ಮಾಲ್ಕಮ್ ಕೂಡ ಮೊದಲಿಗೆ ಇದನ್ನು ಭ್ರಮೆಯೆಂದೇ ಬಗೆಯುವನು. ಆದರೆ ಹಿಂದೆ ತಾನು ಗುಣಪಡಿಸಲಾರದೆ ಹೋದ ಇನ್ನೊಬ್ಬ ಬಾಲಕನ ಮಾತುಗಳ ಧ್ವನಿಸುರುಳಿಯನ್ನು ತಿರುಗಿ ಹಾಕಿ, ಸದ್ದನ್ನು ಹೆಚ್ಚಿಸಿ ಆಲಿಸಿದಾಗ, ಆಗ ಕೇಳಿಸದಿದ್ದ ಬೇರೊಂದು ಧ್ವನಿ ಕೇಳಿಸುವುದು. ಆಮೇಲೆ ಅವನು ಕೋಲ್‌ಗೆ ಕೊಡುವ ಸಲಹೆ ಸರಳವಾದುದು: ಓಡಬೇಡ, ಅವರಿಗೇನು ಬೇಕೆಂದು ಕೇಳು. ಹೀಗೆ, ತನ್ನ ಮಾತನ್ನು ಒಬ್ಬರು ಕೇಳಿದ ಮೇಲೆ ಆ ಮಗುವಿಗೂ ಇತರರ ಮಾತನ್ನು ಕೇಳುವ ಧೈರ್ಯವು ಹುಟ್ಟುವುದು. ಅದರ ಫಲವಾಗಿಯೇ, ತಾಯಿಯ ಸ್ಥಾನದಲ್ಲಿದ್ದವಳು ಆಹಾರದಲ್ಲಿ ವಿಷ ಬೆರೆಸಿದುದರಿಂದ ಸತ್ತ ಒಬ್ಬ ಹುಡುಗಿಯ ಸಂಗತಿ ಅವಳ ತಂದೆಗೆ ತಿಳಿಯುವುದು. ಸತ್ತವಳು ಮರಳಿ ಬರಲಾರಳು. ಆದರೆ ಆಗಲೇ ಕಾಯಿಲೆ ಬೀಳತೊಡಗಿದ್ದ ಅವಳ ತಂಗಿಯು ಉಳಿಯುವಳು.

ಕೊನೆಗೆ ರಸ್ತೆಯಲ್ಲಿ ವಾಹನಗಳು ನಿಂತಿರುವಾಗ, ಕಾರಿನೊಳಗೆ ಕೋಲ್ ತನ್ನ ಗುಟ್ಟನ್ನು ತಾಯಿಗೆ ತಿಳಿಸುವನು. ಸತ್ತ ಅಜ್ಜಿಯು ತಾಯಿಗಾಗಿ ಹೇಳಿಕಳುಹಿಸಿದ ಮಾತನ್ನು ಅವನು ಒಪ್ಪಿಸಿದಾಗ, ಅವಳು ಬಾಲ್ಯದಿಂದ ಹೊತ್ತಿದ್ದ ನೋವೊಂದು ಇಳಿಯುವುದು. ಅವಳೂ ಒಮ್ಮೆ ಉತ್ತರಕ್ಕಾಗಿ ಕಾದ ಮಗುವಾಗಿದ್ದಳಲ್ಲವೆ? ಈ ದೃಶ್ಯಕ್ಕಾಗಿಯೇ ಚಿತ್ರವನ್ನು ಮತ್ತೆ ನೋಡುವವರ ರುಚಿಯು ಸರಿಯಾದುದೆಂದು ನಾವು ಒಪ್ಪುವೆವು. ಇಲ್ಲಿ ಅಭಿನಯಿಸಿದ ಹೇಲಿ ಜೋಯೆಲ್ ಆಸ್ಮೆಂಟ್ ಮತ್ತು ಟೋನಿ ಕೊಲೆಟ್ ಇಬ್ಬರ ಹೆಸರೂ ಆಸ್ಕರ್ ಪ್ರಶಸ್ತಿಗೆ ಸೂಚಿಸಲ್ಪಟ್ಟಿತು. ಆಗ ಬಾಲಕನಿಗೆ 11 ವರ್ಷ. ಚಿತ್ರಕ್ಕೆ ಒಟ್ಟು ಆರು ಸೂಚನೆಗಳು ಬಂದರೂ ಪ್ರಶಸ್ತಿಯು ಒಂದೂ ದೊರೆಯಲಿಲ್ಲ.

ಒಂದು ಆಕ್ಷೇಪಣೆಯನ್ನು ಮಾತ್ರ ನಾವು ಹಗುರವಾಗಿ ಕಾಣಲಾರೆವು. ಕಥೆಯಲ್ಲಿ ಮಗುವು ಕಂಡ ದೆವ್ವಗಳು ನಿಜವಾಗಿಯೇ ಇರುವುವು. ಇದರಿಂದ ಮೂಢನಂಬಿಕೆಗೆ ನೀರೆರೆದಂತಾಗದೆ? ಕಥೆಯ ನ್ಯಾಯ ಬೇರೆ, ಮನೆಯ ನ್ಯಾಯ ಬೇರೆ ಎಂಬುದೇ ನಮ್ಮ ಉತ್ತರ. ನಮ್ಮ ಮನೆಯ ಮಗುವು ಯಾರಿಗೂ ಕಾಣದುದನ್ನು ಕಾಣುವೆನೆಂದರೆ, ಮಂತ್ರವಾದಿಯನ್ನು ಕರೆಸುವುದೂ ತಪ್ಪು, ಸುಳ್ಳನೆಂದು ಗದರಿಸುವುದೂ ತಪ್ಪು. ಅದರ ಭಯವಾದರೂ ನಿಜವಾದುದು. ಶಾಲೆಯಲ್ಲಿ ಯಾರ ಕಾಟವಿದೆ, ಮನೆಯಲ್ಲಿ ಯಾವ ಮಾತು ಮನಸ್ಸಿಗೆ ನಾಟಿದೆ ಎಂದು ನಿಧಾನವಾಗಿ ವಿಚಾರಿಸಿ, ಭಯವು ನಿಲ್ಲದಿದ್ದರೆ ವೈದ್ಯರಿಗೆ ತೋರಿಸುವುದು ವಿವೇಕ.

ಚಿಕ್ಕ ಮಕ್ಕಳಿಗೆ ಈ ಚಿತ್ರವು ತಕ್ಕುದಲ್ಲ. 13 ವರ್ಷಕ್ಕೆ ಒಳಗಿನವರ ವಿಷಯದಲ್ಲಿ ತಂದೆತಾಯಿಗಳು ಎಚ್ಚರದಿಂದಿರಬೇಕೆಂದು ಅಮೆರಿಕಾದಲ್ಲಿಯೇ ಸೂಚನೆಯಿತ್ತರು. ಆದುದರಿಂದ ಮಕ್ಕಳು ಮಲಗಿದ ಮೇಲೆ ದಂಪತಿಗಳು ನೋಡಲಿ. ಗುಟ್ಟನ್ನು ಊಹಿಸಿದವರು ಯಾರೆಂಬ ವಾದವು ಹೇಗೂ ನಡೆಯುವುದು. ಆ ವಾದವು ಮುಗಿದ ಮೇಲೆ, ನಮ್ಮ ಮಕ್ಕಳು ಈಚೆಗೆ ಬರೆದ ಚಿತ್ರಗಳಲ್ಲಿ ಕಾಮನಬಿಲ್ಲುಗಳೆಷ್ಟು, ಅವುಗಳನ್ನು ಯಾರ ಸಂತೋಷಕ್ಕಾಗಿ ಬರೆದರು ಎಂದು ಒಂದು ಗಳಿಗೆ ಯೋಚಿಸುವರೆಂದು ಆಶಿಸುವೆವು.